ಬುತ್ತಿ ತಂದವರಿಗಷ್ಟೇ ಊಟ

ಚಿಕ್ಕಪ್ಪನ ಮಗಳು ಒಂದು ಸೆಮಿಸ್ಟರ್ ಮಟ್ಟಿಗೆ ಜರ್ಮನಿಗೆ ಹೊರಟಾಗ ಅಣ್ಣ ಅನ್ನಿಸಿಕೊಂಡವನು ಏನಾದ್ರೂ ಬುದ್ಧಿಮಾತು ಹೇಳಬೇಕಿತ್ತು. ನನಗೇನೂ ತೋಚಲಿಲ್ಲ. ‘ಒಂದು ಸಿನಿಮಾ ಹೆಸರು ಕಳಿಸ್ತೀನಿ, ನೋಡ್ಕೊಂಡು ಹೋಗು’ ಅಂದೆ. ಕಳಿಸಿದ್ದು ಸೆದ್ರಿಕ್ ಕ್ಲಾಪಿಷ್ ನಿರ್ದೇಶನದ ‘ಲೋಬೆರ್ಜ್ ಎಸ್ಪಾನ್ಯೋಲ್’, 2002ರ ಫ್ರೆಂಚ್ ಚಿತ್ರ. ಇಪ್ಪತ್ತರ ಆಸುಪಾಸಿನಲ್ಲಿ ಅದನ್ನ ನೋಡಿ, ಬಾರ್ಸಿಲೋನಾದಲ್ಲಿ ಹುಟ್ಟದೇ ಇದ್ದದ್ದು ನನ್ನದೇ ತಪ್ಪು ಅನ್ನೋ ಹಾಗೆ ಒಂದು ವಾರ ಸಪ್ಪಗಿದ್ದವನು ನಾನು.

ಅವಳು ಹೋಗಿ ಎರಡು ತಿಂಗಳಾದ ಮೇಲೆ ಫೋನ್ ಮಾಡಿದ್ಲು. ಅದೂ ಇದೂ ಮಾತಾಡಿ ಕೊನೆಗೆ, ‘ಅಣ್ಣಾ, ಆ ಸಿನಿಮಾದೋರು ಓದೋದು ಯಾವಾಗ? ದುಡ್ಡು ಎಣಿಸೋದು ಯಾವಾಗ?’ ಅಂತ ಕೇಳಿದ್ಲು. ಉತ್ತರ ಇರಲಿಲ್ಲ. ಆ ಶನಿವಾರ ಮತ್ತೆ ಕೂತು ನೋಡಿದೆ. ಇದು ಆ ಎರಡನೇ ಸಲದ ನೋಟದ ಬಗ್ಗೆ.

ಕತೆ ಚಿಕ್ಕದು. ಪ್ಯಾರಿಸ್ಸಿನಲ್ಲಿ ಅರ್ಥಶಾಸ್ತ್ರ ಓದ್ತಿರೋ ಗ್ಜಾವಿಯೇ (ಜೇವಿಯರ್ ಅಂತ ಓದಿಕೊಂಡ್ರೂ ನಡೆಯುತ್ತೆ) ಅಪ್ಪನ ಪರಿಚಯದವರೊಬ್ಬರನ್ನ ಸರ್ಕಾರಿ ಕಚೇರಿಯಲ್ಲಿ ಕಾಣ್ತಾನೆ. ಸ್ಪ್ಯಾನಿಷ್ ಕಲ್ತು ಬಾ, ಕೆಲಸ ಸಿಗುತ್ತೆ ಅಂತಾರೆ ಅವರು. ಸರಿ, ‘ಎರಾಸ್ಮಸ್’ ಅನ್ನೋ ಯೋಜನೆಗೆ ಅರ್ಜಿ ಹಾಕಿ, ಅಮ್ಮನನ್ನೂ ಗೆಳತಿಯನ್ನೂ ಬಿಟ್ಟು, ವಿಮಾನದಲ್ಲಿ ಕೂತು ಅತ್ತು, ಒಂದು ವರ್ಷ ಬಾರ್ಸಿಲೋನಾಗೆ ಬರ್ತಾನೆ. ಇಂಗ್ಲೆಂಡ್, ಇಟಲಿ, ಜರ್ಮನಿ, ಡೆನ್ಮಾರ್ಕ್, ಸ್ಪೇನಿನ ಹುಡುಗ ಹುಡುಗಿಯರು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಅವನಿಗೊಂದು ಕೋಣೆ ಸಿಗುತ್ತೆ. ಆಮೇಲೆ ಬೆಲ್ಜಿಯಂನ ಇಸಾಬೆಲ್ ಬಂದು ಸೇರ್ತಾಳೆ. ವರ್ಷ ಮುಗಿಯುತ್ತೆ. ಅಷ್ಟೇ.

ಎರಾಸ್ಮಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಯುರೋಪಿನ ವಿದ್ಯಾರ್ಥಿಗಳು ಇನ್ನೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರೋ ಒಂದು ವರ್ಷವೋ ಓದಿ ಬರಲಿ ಅಂತ 1987ರಲ್ಲಿ ಶುರುವಾದ ಯೋಜನೆ ಇದು. ಮೊದಲ ವರ್ಷ ಹೋದವರು ಮೂರು ಸಾವಿರ ಚಿಲ್ಲರೆ ಮಂದಿ. ಹೋದ ಕಡೆ ಫೀಸು ಕಟ್ಟೋ ಹಾಗಿಲ್ಲ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳು ತವರಿನ ಲೆಕ್ಕಕ್ಕೆ ಸೇರುತ್ತವೆ. ಸೆಮಿಸ್ಟರಿಗೆ 30, ವರ್ಷಕ್ಕೆ 60. ಜೊತೆಗೆ ಒಂದಿಷ್ಟು ಧನಸಹಾಯ. ಈ ‘ಒಂದಿಷ್ಟು’ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮೊದಲು ಸಿನಿಮಾ ಗೆದ್ದಿರೋ ಕಡೆ ಹೇಳ್ತೀನಿ, ಯಾಕಂದ್ರೆ ಈಗಲೂ ಅದು ನನ್ನ ಪ್ರೀತಿಯ ಚಿತ್ರವೇ.

ಪರದೇಶದ ವಿದ್ಯಾರ್ಥಿ ಬದುಕು ಅಂದ್ರೆ ದೊಡ್ಡ ಅನುಭವಗಳ ಸರಮಾಲೆ ಅಂತ ನಾವಂದುಕೊಳ್ತೀವಿ. ಕ್ಲಾಪಿಷ್‌ಗೆ ಗೊತ್ತು, ಅದು ಹಾಗಲ್ಲ. ಅದು ಫ್ರಿಡ್ಜಿನಲ್ಲಿ ಯಾರ ಖಾನೆ ಯಾವುದು ಅನ್ನೋ ಪ್ರಶ್ನೆ. ಅದು ಅರ್ಜಿಯ ಜೊತೆ ಯಾವ ಕಾಗದ ಲಗತ್ತಿಸಬೇಕು ಅಂತ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡೋದು. ಆ ಓಡಾಟವನ್ನ ಕ್ಯಾಮೆರಾ ಫಾಸ್ಟ್ ಫಾರ್ವರ್ಡ್‌ನಲ್ಲಿ ತೋರಿಸುತ್ತೆ, ಪರದೆ ತುಂಬ ಕಾಗದಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ತಾಲ್ಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಓಡಾಡಿದ ಯಾರಿಗೂ ಆ ದೃಶ್ಯಕ್ಕೆ ಸಬ್‌ಟೈಟಲ್ ಬೇಕಾಗಲ್ಲ.

ಕೋಣೆ ಕೊಡೋ ಮುಂಚೆ ಮನೆಯವರೆಲ್ಲ ಸಾಲಾಗಿ ಕೂತು ಗ್ಜಾವಿಯೇನನ್ನ ಇಂಟರ್‌ವ್ಯೂ ಮಾಡ್ತಾರೆ. ಐದು ವರ್ಷ ಆದಮೇಲೆ ಎಲ್ಲಿರ್ತೀಯ ಅನ್ನೋ ಪ್ರಶ್ನೆಯೂ ಬರುತ್ತೆ. ಎಚ್‌ಆರ್ ರೌಂಡಿನಲ್ಲಿ ಕೂತಿದ್ದ ಎಲ್ಲರೂ ಇಲ್ಲಿ ನಕ್ಕೇ ನಗ್ತಾರೆ. ತಂಗಿ ಹೇಳಿದ್ಲು, ಇದು ಮಾತ್ರ ನೂರಕ್ಕೆ ನೂರು ನಿಜ ಅಂತ. ಜರ್ಮನಿಯಲ್ಲಿ ಹಂಚಿಕೊಂಡ ಮನೆಗೆ ಸೇರೋ ಮುಂಚಿನ ಈ ಪರೀಕ್ಷೆಗೆ ‘ಕಾಸ್ಟಿಂಗ್’ ಅಂತಲೇ ಹೆಸರು. ಅವಳು ನಾಲ್ಕು ಮನೆಯಲ್ಲಿ ಫೇಲಾಗಿ ಐದನೇದರಲ್ಲಿ ಪಾಸಾದಳು. ಯಾವ ಅಡುಗೆ ಮಾಡ್ತೀಯ ಅಂತ ಕೇಳಿದ್ದಕ್ಕೆ ಚಿತ್ರಾನ್ನ ವಿವರಿಸಿದಳಂತೆ. (ಒಗ್ಗರಣೆ ವಾಸನೆ ವಿಷಯ ಜಾಣತನದಿಂದ ಬಿಟ್ಟಳಂತೆ.)

ಫೋನಿನ ಪಕ್ಕ ಗೋಡೆಗೆ ಅಂಟಿಸಿದ ಹಾಳೆ ಇದೆಯಲ್ಲ, ಇಡೀ ಚಿತ್ರದಲ್ಲಿ ನನಗೆ ಅತೀ ಇಷ್ಟವಾದ ವಸ್ತು ಅದು. ಯಾರ ಮನೆಯಿಂದ ಫೋನ್ ಬಂದ್ರೆ ಯಾವ ಭಾಷೆಯಲ್ಲಿ ‘ಅವನು ಇಲ್ಲ, ಸಂಜೆ ಬರ್ತಾನೆ’ ಅನ್ನಬೇಕು ಅಂತ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನ ವೆಂಡಿ ಒಂದು ದಿನ ಗ್ಜಾವಿಯೇಯ ಅಮ್ಮನ ಜೊತೆ ಆ ಹಾಳೆ ನೋಡಿಕೊಂಡು ಮಾತಾಡ್ತಾಳೆ. ಫ್ರೆಂಚರು ಕಾಲೇಜಿಗೆ ಚುಟುಕಾಗಿ ಬಳಸೋ ಪದ ಇಂಗ್ಲಿಷ್ ಕಿವಿಗೆ ಪಕ್ಕಾ ಬೈಗುಳದ ಹಾಗೆ ಕೇಳಿ ಅವಳು ಬೆಚ್ಚಿಬೀಳೋದು ಬರೀ ಹಾಸ್ಯ ಅಲ್ಲ. ಪರಭಾಷೆಯ ನಡುವೆ ಬದುಕೋದು ಅಂದ್ರೆ ಹೀಗೆ, ಬರೆದಿಟ್ಟ ಎರಡು ಸಾಲಿನಾಚೆ ಮೂರನೇ ಸಾಲು ಬಂದ ತಕ್ಷಣ ನೆಲ ಕುಸಿಯುತ್ತೆ. ಈಗ ಎಲ್ಲರ ಕೈಯಲ್ಲೂ ಅವರವರ ಮೊಬೈಲ್. ಯಾರ ಅಮ್ಮನ ಜೊತೆಯೂ ಯಾರೂ ತಪ್ಪುತಪ್ಪಾಗಿ ಮಾತಾಡೋ ಪ್ರಮೇಯವೇ ಇಲ್ಲ.

ಇನ್ನೊಂದು ಜಾಗ. ಬಂದ ಹೊಸದರಲ್ಲಿ ಗ್ಜಾವಿಯೇ ಬೀದಿ ಹೆಸರುಗಳನ್ನ ನೋಡ್ತಾ ನಡೀತಾನೆ. ಉರ್ಕಿನಾವೊನಾ ಅಂತ ಒಂದು ಹೆಸರು. ಇದೆಲ್ಲ ಈಗ ಅರ್ಥವಿಲ್ಲದ ಶಬ್ದ, ಮುಂದೆ ನೂರು ಸಲ ಓಡಾಡಿದ ಮೇಲೆ ನನ್ನದಾಗಿಬಿಡುತ್ತೆ ಅನ್ನೋ ಅರ್ಥದಲ್ಲಿ ಯೋಚಿಸ್ತಾನೆ. ಮೊದಲ ಸಲ ಬೆಂಗಳೂರಿಗೆ ಬಂದು ಬಸ್ಸಿನ ಬೋರ್ಡಿನಲ್ಲಿ ‘ದೊಡ್ಡನೆಕ್ಕುಂದಿ’ ಓದಿದ ದಿನ ನನಗೂ ಹೀಗೇ ಆಗಿತ್ತು. ಆದರೆ ನನ್ನದು ಕನ್ನಡದ ಊರೇ, ಆ ಕತೆ ಬಿಡಿ.

ಈಗ ತಂಗಿಯ ಪ್ರಶ್ನೆಗೆ ಬರೋಣ.

ಸಿನಿಮಾದ ಹೆಸರು ಫ್ರೆಂಚಿನ ಒಂದು ನುಡಿಗಟ್ಟು. ‘ಸ್ಪೇನಿನ ಛತ್ರ’ ಅಂದ್ರೆ ನೀನು ಏನು ಕಟ್ಟಿಕೊಂಡು ಹೋಗಿರ್ತೀಯೋ ಅಷ್ಟೇ ಅಲ್ಲಿ ಸಿಗೋದು ಅಂತ. ಛತ್ರದವರು ಸೂರು ಕೊಡ್ತಾರೆ, ಬುತ್ತಿ ನಿನ್ನದು. ಕ್ಲಾಪಿಷ್ ಇದನ್ನ ಒಳ್ಳೆ ಅರ್ಥದಲ್ಲಿ ಬಳಸಿದ್ದಾನೆ: ಒಬ್ಬೊಬ್ಬರೂ ತಮ್ಮ ತಮ್ಮ ದೇಶ ತಂದು ಮೇಜಿನ ಮೇಲೆ ಸುರೀತಾರೆ, ಗಲಾಟೆಯ ಊಟ ಆಗುತ್ತೆ. ಆದರೆ ಬುತ್ತಿ ಕಟ್ಟಿಕೊಟ್ಟವರು ಯಾರು? ಎರಾಸ್ಮಸ್ ಹಣ ಇರೋದು ಪರದೇಶದಲ್ಲಿ ಹೆಚ್ಚಾಗೋ ಖರ್ಚಿಗೆ ಆಸರೆಯಾಗಿ, ಪೂರ್ತಿ ಖರ್ಚಿಗಲ್ಲ. ಉಳಿದದ್ದು ಮನೆಯಿಂದ ಬರಬೇಕು. ಗ್ಜಾವಿಯೇಗೆ ಅಪ್ಪ, ಅಪ್ಪನಿಗೊಬ್ಬ ಪರಿಚಯದವನು, ಆ ಪರಿಚಯದವನ ಕೈಯಲ್ಲಿ ಮಂತ್ರಾಲಯದ ನೌಕರಿ. ಇದು ಸಿನಿಮಾದ ಮೊದಲ ಹತ್ತು ನಿಮಿಷದಲ್ಲೇ ಇದೆ. ಆಮೇಲೆ ಕ್ಲಾಪಿಷ್ ಅದನ್ನ ಮರೆತುಬಿಡ್ತಾನೆ. ಬಾಡಿಗೆಯ ಚಿಂತೆ, ಮನೆ ಮಾಲೀಕನ ಕಾಟ ಒಂದೆರಡು ಕಡೆ ಬರುತ್ತವೆ ನಿಜ, ಆದರೆ ಅದು ಎಲ್ಲರೂ ಒಟ್ಟಾಗಿ ನಕ್ಕು ದಾಟೋ ಪ್ರಸಂಗವಾಗಿ. ಈ ಮನೆಯಲ್ಲಿ ಒಬ್ಬರಿಗೆ ದುಡ್ಡಿದೆ ಇನ್ನೊಬ್ಬರಿಗಿಲ್ಲ ಅನ್ನೋ ಸುಳಿವೇ ಇಲ್ಲ. ಏಳು ದೇಶ, ಒಂದೇ ವರ್ಗ.

ನನ್ನ ತಂಗಿಯ ಬುತ್ತಿಯ ಲೆಕ್ಕ ಹೀಗಿತ್ತು. ಜರ್ಮನಿಯ ವಿದ್ಯಾರ್ಥಿ ವೀಸಾಗೆ ಖರ್ಚಿನ ದುಡ್ಡು ಮುಂಚೆಯೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು ತಿಂಗಳಿಗೆ 992 ಯೂರೋ. ಹೆಚ್ಚಿನವರು ಮಾಡೋದು ಬ್ಲಾಕ್ಡ್ ಅಕೌಂಟ್. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ ಇಷ್ಟು ಅಂತ ಮಾತ್ರ ಕೈಗೆ ಬರುತ್ತೆ. ಆರು ತಿಂಗಳಿಗೆ 5,952 ಯೂರೋ. ಚಿಕ್ಕಪ್ಪ ಅಡಿಕೆ ಮಾರಿದ ದುಡ್ಡಿನ ಜೊತೆ ಸೊಸೈಟಿ ಸಾಲ ಸೇರಿಸಿ ಅದನ್ನ ಕಟ್ಟಿದ್ರು. ‘ನಮ್ದೇ ದುಡ್ಡು ನಮಗೇ ಕಂತಲ್ಲಿ ಕೊಡ್ತಾರಾ?’ ಅಂತ ನನ್ನನ್ನ ಮೂರು ಸಲ ಕೇಳಿದ್ರು. ಅಲ್ಲಿ ಅವಳು ಖಾಲಿ ಬಾಟಲಿಗಳನ್ನ ಅಂಗಡಿಯ ಮಷೀನಿಗೆ ಹಾಕಿ ಬಾಟಲಿಗೆ 25 ಸೆಂಟ್ ವಾಪಸ್ ತಗೋತಾಳೆ. ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಶನಿವಾರವೇ ಅಕ್ಕಿ ತಂದಿಡ್ತಾಳೆ. ಅಡುಗೆಮನೆ ಗೋಡೆ ಮೇಲೆ ಯಾವ ವಾರ ಯಾರು ನೆಲ ಒರೆಸಬೇಕು ಅನ್ನೋ ಪಟ್ಟಿ ಇದೆ, ಅದನ್ನ ತಪ್ಪಿಸಿದವರಿಗೆ ಯಾರೂ ಬೈಯಲ್ಲ, ಚೀಟಿ ಅಂಟಿಸ್ತಾರೆ. ಬೈದಿದ್ರೇ ವಾಸಿ ಅಂತಾಳೆ.

ಇದನ್ನೆಲ್ಲ ಸಿನಿಮಾದಲ್ಲಿ ಇಲ್ಲ ಅಂತ ದೂರೋದು ನ್ಯಾಯ ಅಲ್ಲ, ಗೊತ್ತು. ಕ್ಲಾಪಿಷ್ ಯುರೋಪಿನವರ ಕತೆ ಹೇಳ್ತಿದ್ದ. ನನ್ನ ತಕರಾರು ಬೇರೆ. ದುಡ್ಡಿನ ಚಿಂತೆಯೇ ಇಲ್ಲದ ಸ್ವಾತಂತ್ರ್ಯವನ್ನ ಅವನು ‘ಯೌವನ’ ಅಂತ ಕರೆದ. ನಾವು ಅದನ್ನ ನಂಬಿ, ನಮಗೆ ಯೌವನವೇ ಇರಲಿಲ್ಲವೇನೋ ಅಂತ ಕೊರಗಿದ್ವಿ.

ಓದಿನ ವಿಷಯ. ಇಡೀ ಚಿತ್ರದಲ್ಲಿ ನೆನಪಲ್ಲಿ ಉಳಿಯೋದು ಒಂದೇ ತರಗತಿ. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಯಾಕಂದ್ರೆ ಮೊದಲ ಸಲ ಅದನ್ನ ನಕ್ಕು ದಾಟಿಸಿದ್ದೆ.

ಪ್ರೊಫೆಸರ್ ಕತಲಾನ್ ಭಾಷೆಯಲ್ಲಿ ಪಾಠ ಮಾಡ್ತಿದ್ದಾರೆ. ಇಸಾಬೆಲ್ ಎದ್ದು, ನಮ್ಮಂಥ ಪರದೇಶದವರು ಇಷ್ಟು ಜನ ಇದ್ದೀವಿ, ಸ್ಪ್ಯಾನಿಷ್‌ನಲ್ಲಿ ಹೇಳ್ತೀರಾ ಅಂತ ಕೇಳ್ತಾಳೆ. ಆಗಲ್ಲ ಅಂತಾರೆ ಪ್ರೊಫೆಸರ್. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ, ನನ್ನದು ನಿಮಗೆ ಅರ್ಥವಾಗಬೇಕು, ಸ್ಪ್ಯಾನಿಷ್ಷೇ ಬೇಕಿದ್ರೆ ಮ್ಯಾಡ್ರಿಡ್‌ಗೋ ದಕ್ಷಿಣ ಅಮೆರಿಕಕ್ಕೋ ಹೋಗಿ ಅನ್ನೋದು ಅವರ ಮಾತಿನ ಸಾರ. ಆಮೇಲೆ ಕಾಫಿ ಕುಡೀತಾ ಹುಡುಗರು ಇದನ್ನೇ ಚರ್ಚೆ ಮಾಡ್ತಾರೆ. ಯುರೋಪೇ ಒಂದಾಗ್ತಿರೋವಾಗ ಈ ಸಣ್ಣ ಭಾಷೆಯ ಹಟ ಯಾಕೆ ಅನ್ನೋದು ಇಸಾಬೆಲ್ಲಳ ಬೇಸರ. ಅಲ್ಲೇ ಕೂತ ಗ್ಯಾಂಬಿಯಾ ಮೂಲದ ಒಬ್ಬ ಹುಡುಗ, ನಾನು ಗ್ಯಾಂಬಿಯಾದವನೂ ಹೌದು ಕತಲಾನನೂ ಹೌದು, ಎರಡೂ ಒಟ್ಟಿಗಿರೋದ್ರಲ್ಲಿ ತೊಂದರೆ ಏನಿಲ್ಲ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಇಡೀ ಸಿನಿಮಾದ ಅತ್ಯಂತ ವಿವೇಕದ ಮಾತು ಅದು. ಹೇಳಿ ಮುಗಿಸಿದವನನ್ನ ಸಿನಿಮಾ ಬಿಟ್ಟು ಮುಂದಕ್ಕೆ ಹೋಗುತ್ತೆ.

ನಿರ್ದೇಶಕ ಯಾರ ಪಕ್ಷವನ್ನೂ ವಹಿಸಿಲ್ಲ ಅಂತ ನೀವನ್ನಬಹುದು. ಆದರೆ ಕ್ಯಾಮೆರಾ ಕೂತಿರೋದು ವಿದ್ಯಾರ್ಥಿಗಳ ಬೆಂಚಿನ ಕಡೆ. ಪ್ರೊಫೆಸರ್ ಎದುರು ಬದಿಯ ಮೊಂಡ. ಫ್ರಾಂಕೋನ ಸರ್ವಾಧಿಕಾರದಲ್ಲಿ, 1939ರಿಂದ 1975ರವರೆಗೆ, ಕತಲಾನ್ ಭಾಷೆಯನ್ನ ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ರು. ಆ ಪ್ರೊಫೆಸರ್ ವಯಸ್ಸಿನವರು ತಮ್ಮ ಮನೆಮಾತನ್ನ ಶಾಲೆಯಲ್ಲಿ ಓದದೇ ದೊಡ್ಡವರಾದವರು. ಈಗ ಅದೇ ಭಾಷೆಯಲ್ಲಿ ಅರ್ಥಶಾಸ್ತ್ರ ಹೇಳೋ ಅವಕಾಶ ಸಿಕ್ಕಿದೆ, ಒಂದು ವರ್ಷಕ್ಕೆ ಬಂದ ಅತಿಥಿ ಅದನ್ನ ಬಿಡಿ ಅಂತಿದ್ದಾಳೆ. ಅದೂ ಬೆಲ್ಜಿಯಂನವಳು! ಫ್ರೆಂಚ್, ಡಚ್ ಭಾಷಿಕರ ಜಗಳದಲ್ಲಿ ಲ್ಯೂವೆನ್ನಿನ ಹಳೇ ವಿಶ್ವವಿದ್ಯಾಲಯವೇ 1968ರಲ್ಲಿ ಎರಡು ಹೋಳಾಗಿ, ಫ್ರೆಂಚ್ ಭಾಗ ತನಗಾಗಿ ಹೊಸ ಊರನ್ನೇ ಕಟ್ಟಿಕೊಂಡು ಹೋದ ದೇಶದವಳು. ಈ ಕುತ್ತು ಎಷ್ಟು ಆಳದ್ದು ಅಂತ ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಇಲ್ಲಿಯವರೆಗೆ ಬರೆದು ಎರಡು ದಿನ ಬಿಟ್ಟಿದ್ದೆ. ಬೆಂಗಳೂರಿನಲ್ಲಿರೋ ಕನ್ನಡದವನು ಕತಲಾನ್ ಪ್ರೊಫೆಸರ್ ಪಕ್ಷ ವಹಿಸೋದು ತೀರಾ ಸುಲಭ. ಚಪ್ಪಾಳೆಯೂ ಸಿಗುತ್ತೆ. ಆದರೆ ನಾನು ಇನ್ನೂ ಎರಡು ಕುರ್ಚಿಯಲ್ಲಿ ಕೂತಿದ್ದೇನೆ.

ಒಂದು, ಆನ್‌ಸೈಟ್ ಅಂತ ಎಂಟು ತಿಂಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದಾಗ. ಐದು ಜನ ಡಚ್ಚರು ಊಟದ ಮೇಜಿನಲ್ಲಿ ನಗುನಗುತ್ತಾ ಮಾತಾಡ್ತಿರ್ತಿದ್ರು. ನಾನು ಕುರ್ಚಿ ಎಳೆದ ಸದ್ದಿಗೆ ಐವರೂ ಇಂಗ್ಲಿಷ್‌ಗೆ ಬದಲಾಗ್ತಿದ್ರು, ನಗು ಸ್ವಲ್ಪ ಕಮ್ಮಿ ಆಗ್ತಿತ್ತು. ಎಂಟು ತಿಂಗಳಲ್ಲಿ ಒಂದು ದಿನವೂ ಅದಕ್ಕೆ ಬೆಲೆ ಕಟ್ಟಿದವನಲ್ಲ ನಾನು. ಒಮ್ಮೆ ಒಬ್ಬ ಮೀಟಿಂಗ್ ನಡುವೆ ಮರೆತು ಡಚ್‌ನಲ್ಲಿ ಶುರು ಮಾಡಿದಾಗ, ‘ಇಂಗ್ಲಿಷ್, ಪ್ಲೀಸ್’ ಅಂದೆ. ಎಷ್ಟು ಸಲೀಸಾಗಿ ಅಂದೆ! ಅವತ್ತು ನಾನು ಇಸಾಬೆಲ್.

ಇನ್ನೊಂದು ಅದಕ್ಕೂ ಹಳೇದು. ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮ. ಸಂವೇಗ, ವೇಗೋತ್ಕರ್ಷ, ಜಡತ್ವ, ಎಲ್ಲ ನನ್ನ ಅಂಗೈಯಲ್ಲಿದ್ದ ಪದಗಳು. ಪಿಯುಸಿಯನ್ನ ಕಂಠಪಾಠದಲ್ಲಿ ದಾಟಿದೆ. ಬಿಇ ಮೊದಲ ಸೆಮಿಸ್ಟರಿನಲ್ಲಿ ಮೆಕ್ಯಾನಿಕ್ಸ್ ತರಗತಿ. ಮೇಷ್ಟ್ರು ನಮ್ಮ ಕಡೆಯವರೇ, ಕಾರಿಡಾರಿನಲ್ಲಿ ‘ಏನಪ್ಪಾ, ಊಟ ಆಯ್ತಾ’ ಅನ್ನೋರು. ಬೋರ್ಡಿನ ಮುಂದೆ ನಿಂತ ಕೂಡಲೇ ಬೇರೆ ಮನುಷ್ಯ, ಬೇರೆ ಭಾಷೆ. ಅರವತ್ತು ಜನರಲ್ಲಿ ನನ್ನಂಥವರು ಹದಿನೈದು ಮಂದಿಯಾದ್ರೂ ಇದ್ವಿ, ಇಸಾಬೆಲ್ ಕಡೆಯ ಲೆಕ್ಕದಷ್ಟೇ. ‘ಸರ್, ಇದೊಂದು ಕನ್ನಡದಲ್ಲಿ ಹೇಳಿಬಿಡಿ’ ಅಂತ ಒಬ್ಬನೂ ಕೇಳಲಿಲ್ಲ. ನಮ್ಮದೇ ನೆಲ, ಮೇಷ್ಟ್ರಿಗೂ ಅದೇ ಭಾಷೆ, ಆದರೂ ಕೇಳೋದು ಅಂದ್ರೆ ನಾನು ದಡ್ಡ ಅಂತ ಎದ್ದು ನಿಂತು ಹೇಳಿಕೊಂಡ ಹಾಗೆ. ಆ ಸೆಮಿಸ್ಟರ್ ನಾನು ಎರಡು ವಿಷಯ ಕಳಕೊಂಡೆ. ನನ್ನ ರೂಮ್‌ಮೇಟ್ ನಾಲ್ಕು ಕಳಕೊಂಡು, ದೀಪಾವಳಿಗೆ ಊರಿಗೆ ಹೋದವನು ವಾಪಸ್ ಬರಲಿಲ್ಲ.

ಹಾಗಾಗಿ ಈ ಸಲ ಇಸಾಬೆಲ್ ಎದ್ದು ನಿಂತಾಗ ನಾನು ನೋಡಿದ್ದು ಅವಳ ಮಾತನ್ನಲ್ಲ, ಅವಳು ನಿಂತ ಭಂಗಿಯನ್ನ. ನನಗೆ ಅರ್ಥವಾಗ್ತಿಲ್ಲ ಅನ್ನೋದನ್ನ ನಾಚಿಕೆಯಿಲ್ಲದೆ, ಹಕ್ಕಿನ ಹಾಗೆ ಹೇಳೋಕೆ ಬರೋದು ಎಂಥ ಐಶ್ವರ್ಯ! ಬುತ್ತಿ ಅಂದ್ರೆ ಬರೀ ದುಡ್ಡಲ್ಲ, ಇದೂ. ಸಿನಿಮಾಗೆ ಇದು ಕಾಣಲ್ಲ, ಅದರ ಎಲ್ಲ ಪಾತ್ರಗಳ ಹತ್ತಿರವೂ ಅದು ಹುಟ್ಟಿನಿಂದಲೇ ಇದೆಯಾದ್ದರಿಂದ. ನನಗೆ ಪ್ರೊಫೆಸರ್ ಸರಿ ಅಂತ ಈಗಲೂ ಅನ್ಸುತ್ತೆ. ಆದರೆ ಅವಳು ಕೇಳಿದ್ದೂ ಸರಿ ಅನ್ಸುತ್ತೆ. ಕೇಳದೇ ಕೂತ ಹದಿನೈದು ಜನರ ಪಕ್ಕ ಕೂತಿದ್ದವನಿಗೆ ಹಾಗನ್ನಿಸದೇ ಇರೋಕಾಗಲ್ಲ.

ಇನ್ನು, ಮೊದಲ ಸಲ ಗಮನಕ್ಕೇ ಬಾರದ ಒಂದು ಕೊಳಕು. ಗ್ಜಾವಿಯೇಗೆ ಬಂದ ಹೊಸದರಲ್ಲಿ ಆಸರೆ ಕೊಡೋದು ಒಬ್ಬ ಫ್ರೆಂಚ್ ಡಾಕ್ಟರು ಮತ್ತು ಅವನ ಹೆಂಡತಿ ಆನ್-ಸೋಫಿ. ಗಂಡ ಕೆಲಸಕ್ಕೆ ಹೋದಾಗ ಪರದೇಶದಲ್ಲಿ ಒಂಟಿಯಾಗಿ ಬೇಯ್ತಿರೋ ಹೆಂಗಸು ಅವಳು. ಮನೆತುಂಬ ವಿದ್ಯಾರ್ಥಿಗಳ ಗದ್ದಲವಿರೋ ಚಿತ್ರದಲ್ಲಿ ನಿಜವಾದ ಪರದೇಶಿ ಅವಳೊಬ್ಬಳೇ. ಅವಳನ್ನ ಸಿನಿಮಾ ಏನು ಮಾಡುತ್ತೆ? ಹೆಣ್ಣನ್ನ ಒಲಿಸಿಕೊಳ್ಳೋದು ಹೇಗೆ ಅಂತ ಇಸಾಬೆಲ್ ಪಾಠ ಹೇಳಿಕೊಡ್ತಾಳೆ, ಗ್ಜಾವಿಯೇ ಹೋಗಿ ಆನ್-ಸೋಫಿಯ ಮೇಲೆ ಪ್ರಯೋಗಿಸ್ತಾನೆ, ಅವಳು ಬೇಡ ಬೇಡ ಅನ್ನುತ್ತಲೇ ಒಪ್ಪುತ್ತಾಳೆ. ಬೇಡ ಅನ್ನೋದಕ್ಕೆ ಬೇಕು ಅಂತಲೇ ಅರ್ಥ ಅನ್ನೋ ನಮ್ಮ ತೊಂಬತ್ತರ ದಶಕದ ಸಿನಿಮಾಗಳ ಪಾಠವನ್ನೇ ಯುರೋಪು ಇನ್ನಷ್ಟು ಚೆನ್ನಾದ ಬೆಳಕಿನಲ್ಲಿ ಶೂಟ್ ಮಾಡಿದೆ. ಕೆಲಸ ಆದಮೇಲೆ ಅವಳು ಕತೆಯಿಂದ ಜಾರಿಹೋಗ್ತಾಳೆ. ಇಸಾಬೆಲ್ ಪಾತ್ರ ಮಾಡಿದ ಸೆಸಿಲ್ ದ ಫ್ರಾನ್ಸ್‌ಗೆ ಆ ವರ್ಷ ಭರವಸೆಯ ನಟಿ ಅಂತ ಸೆಜಾರ್ ಪ್ರಶಸ್ತಿ ಬಂತು, ನ್ಯಾಯವಾಗಿಯೇ ಬಂತು. ಆದರೂ ಬರವಣಿಗೆಯಲ್ಲಿ ಆ ಪಾತ್ರ, ಹುಡುಗನ ಕಲಿಕೆಗೆಂದೇ ಒದಗಿಸಿದ ಟ್ಯೂಷನ್ ಟೀಚರ್ ಆಗಿಬಿಟ್ಟಿದೆ.

ಕೊನೆಯಲ್ಲಿ ಗ್ಜಾವಿಯೇ ಪ್ಯಾರಿಸ್‌ಗೆ ಮರಳ್ತಾನೆ, ಅದೇ ಸರ್ಕಾರಿ ನೌಕರಿ ಸಿಗುತ್ತೆ, ಮೊದಲ ದಿನವೇ ಕಚೇರಿಯಿಂದ ಓಡಿಹೋಗ್ತಾನೆ. ಲೇಖಕನಾಗ್ತಾನೆ. ಹಿಂದೆ ಇಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನ್ಸಿತ್ತು. ಈಗ ಇಎಂಐ ಇರೋ ಮನುಷ್ಯ ನಾನು, ಓಡಿ ಹೋಗೋಕೂ ಬುತ್ತಿ ಬೇಕು ಅನ್ಸುತ್ತೆ. ಮುಂದೆ ಇದೇ ಪಾತ್ರಗಳನ್ನ ಇಟ್ಟುಕೊಂಡು ಕ್ಲಾಪಿಷ್ 2005ರಲ್ಲೂ 2013ರಲ್ಲೂ ಇನ್ನೆರಡು ಚಿತ್ರ ಮಾಡಿದ. ಅವುಗಳಲ್ಲಿ ಗ್ಜಾವಿಯೇಗೆ ದುಡ್ಡಿನ ಬಿಸಿ ತಟ್ಟುತ್ತೆ, ನನಗೆ ಅವನು ಹೆಚ್ಚು ಹತ್ತಿರವಾದದ್ದು ಅಲ್ಲೇ. ವೆಂಡಿಯಂಥ ಇಂಗ್ಲಿಷ್ ಹುಡುಗಿಗೆ ಸುಲಭವಾಗಿದ್ದ ಈ ದಾರಿಯನ್ನ, 2020ರ ಕೊನೆಗೆ ಎರಾಸ್ಮಸ್‌ನಿಂದ ಹೊರಬಿದ್ದ ಬ್ರಿಟನ್ ತಾನೇ ಮುಚ್ಚಿಕೊಂಡಿತು. ಅದನ್ನ ನೆನೆದ್ರೆ ಫೋನಿನ ಪಕ್ಕದ ಆ ಹಾಳೆ ಈಗ ಇನ್ನೂ ಹಳೇ ಕಾಲದ್ದು ಅನ್ಸುತ್ತೆ.

ತಂಗಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳ ಕ್ಲಾಸಿನಲ್ಲಿ ಪಾಠ ಇಂಗ್ಲಿಷ್‌ನಲ್ಲೇ, ಆದರೆ ಗುಂಪು ಕೆಲಸದಲ್ಲಿ ಉಳಿದ ಮೂವರು ಜರ್ಮನ್‌ಗೆ ಜಾರ್ತಾರಂತೆ. ‘ಕೇಳಿದ್ಯಾ, ಇಂಗ್ಲಿಷ್‌ನಲ್ಲಿ ಮಾತಾಡಿ ಅಂತ?’ ಅಂದೆ.

‘ಎರಡು ವಾರ ಕೇಳ್ಲಿಲ್ಲ ಅಣ್ಣ. ಆಮೇಲೆ ಕೇಳಿದೆ. ಸಾರಿ ಅಂದ್ರು, ಬದಲಾಯಿಸಿದ್ರು. ಹತ್ತು ನಿಮಿಷ ಆದ್ಮೇಲೆ ಮತ್ತೆ ಜರ್ಮನ್. ಈಗ ನಾನೇ ಸಂಜೆ ಜರ್ಮನ್ ಕ್ಲಾಸಿಗೆ ಸೇರ್ಕೊಂಡಿದ್ದೀನಿ.’

‘ಫೀಸು?’

‘ಯೂನಿವರ್ಸಿಟಿದೇ, ಫ್ರೀ’ ಅಂದ್ಲು. ‘ಅದಕ್ಕೇ ಸೇರಿದ್ದು.’